ಸ್ಪ್ರೆಡ್‌ಶೀಟ್: ಮಾಹಿತಿ ವಿಂಗಡಣೆಯ ಕ್ರಮ

ಸ್ಪ್ರೆಡ್‌ಶೀಟ್‌ನಲ್ಲಿರುವ ಮಾಹಿತಿಯನ್ನು ಅಕಾರಾದಿಯಾಗಿ ಅಥವಾ ಸಂಖ್ಯೆಗಳ ಏರಿಕೆ, ಇಳಿಕೆ ಕ್ರಮದಲ್ಲಿ ಜೋಡಿಸುವುದೇ ವಿಂಗಡಣೆ. ತಂತ್ರಾಂಶದ ಭಾಷೆಯಲ್ಲಿ ಇದು ‘ಸಾರ್ಟ್’. ಎಕ್ಸೆಲ್‌ನಲ್ಲಿ ಈ ಸೌಲಭ್ಯ ‘ಡೇಟಾ’ ವಿಭಾಗದಲ್ಲಿದೆ.

ಕೋಷ್ಟಕದ ಪ್ರತಿಯೊಂದು ಅಡ್ಡಸಾಲೂ ಒಂದು ಪೂರ್ಣ ದಾಖಲೆ. ತರಗತಿಯ ಫಲಿತಾಂಶ ಪಟ್ಟಿಯಲ್ಲಿ ಅಂಕಗಳ ಕಾಲಂ ಒಂದನ್ನೇ ವಿಂಗಡಿಸಿದರೆ ಅಂಕಗಳು ಸ್ಥಾನ ಬದಲಿಸುತ್ತವೆ, ಹೆಸರುಗಳು ಇದ್ದಲ್ಲೇ ಉಳಿಯುತ್ತವೆ. ಒಬ್ಬ ವಿದ್ಯಾರ್ಥಿಯ ಅಂಕ ಮತ್ತೊಬ್ಬನ ಪಾಲಾಗುತ್ತದೆ. ಮೊತ್ತ, ಸರಾಸರಿಗಳು ಮೊದಲಿನಂತೆಯೇ ಇರುವುದರಿಂದ ಲೆಕ್ಕ ಪರಿಶೀಲಿಸಿದರೂ ಈ ಪ್ರಮಾದ ಬೆಳಕಿಗೆ ಬಾರದು. ಒಂದೇ ಕಾಲಂ ಆಯ್ದಾಗ ಎಕ್ಸೆಲ್ ಎಚ್ಚರಿಕೆ ನೀಡಿ, ಪಕ್ಕದ ಕಾಲಂಗಳನ್ನೂ ಸೇರಿಸಬೇಕೇ ಎಂದು ಕೇಳುತ್ತದೆ. ಸೇರಿಸುವುದೇ ಕ್ಷೇಮ.

ಕೋಷ್ಟಕದ ನಡುವೆ ಪೂರ್ತಿ ಖಾಲಿ ಸಾಲಿದ್ದರೆ ತಂತ್ರಾಂಶವು ಕೋಷ್ಟಕ ಅಲ್ಲಿಗೇ ಮುಗಿಯಿತೆಂದು ಭಾವಿಸುತ್ತದೆ. ಕೆಳಗಿನ ಭಾಗ ವಿಂಗಡಣೆಯಿಂದ ಹೊರಗುಳಿಯುತ್ತದೆ. ಸಂಖ್ಯೆಗಳು ಪಠ್ಯರೂಪದಲ್ಲಿ ದಾಖಲಾಗಿದ್ದರೆ 1ರ ಬಳಿಕ 2ರ ಬದಲು 10 ಬರಬಹುದು.

ಮೊದಲು ಜಿಲ್ಲೆ, ನಂತರ ತಾಲ್ಲೂಕು, ಅನಂತರ ಹೆಸರು ಎಂಬಂತೆ ಹಲವು ಹಂತಗಳಲ್ಲಿಯೂ ವಿಂಗಡಿಸಬಹುದು. ಎಕ್ಸೆಲ್ 2003ರಲ್ಲಿ ಒಮ್ಮೆಗೆ ಮೂರು ಹಂತಗಳಷ್ಟೇ ಸಾಧ್ಯವಿತ್ತು. 2007ರ ಆವೃತ್ತಿಯಿಂದ ಈ ಮಿತಿ 64ಕ್ಕೆ ಏರಿತು.

ವಿಂಗಡಣೆಗೆ ಮುನ್ನ ಕ್ರಮಸಂಖ್ಯೆಯ ಕಾಲಂ ಸೇರಿಸಿಕೊಂಡರೆ ಅದರ ಆಧಾರದಲ್ಲೇ ಮತ್ತೆ ವಿಂಗಡಿಸಿ ಮೂಲ ಕ್ರಮಕ್ಕೆ ಮರಳಬಹುದು. ಆದರೆ ಒಮ್ಮೆ ಒಡೆದ ಸಾಲುಗಳನ್ನು ಕ್ರಮಸಂಖ್ಯೆ ಕೂಡಿಸಲಾರದು. ತಪ್ಪು ಕೂಡಲೇ ತಿಳಿದರೆ ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಸರಿಪಡಿಸಬಹುದು. ಕಡತ ಉಳಿಸಿ ಮುಚ್ಚಿದ ಮೇಲೆ ಮೊದಲೇ ತೆಗೆದಿಟ್ಟ ಪ್ರತಿಯೇ ಆಸರೆ.