ವಿವಾಹವಾದಗಳಲ್ಲಿ ಶಾಸ್ತ್ರವಚನದ ಅಕ್ಷರಾರ್ಥ: ಚಿಕ್ಕೋಡಿ ಸೀಮೆಯ ನಿದರ್ಶನ

ಶಾಸ್ತ್ರವಚನಕ್ಕೆ ಅರ್ಥ ಹೇಳುವಲ್ಲಿ ಅಕ್ಷರಾರ್ಥವೆಂದೂ ತಾತ್ಪರ್ಯವೆಂದೂ ಎರಡು ಮಾರ್ಗಗಳುಂಟೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಇವುಗಳಲ್ಲಿ ಯಾವುದನ್ನು ಹಿಡಿದರೂ ದೋಷವಿಲ್ಲ. ಆದರೆ ಒಂದೇ ಗ್ರಂಥದಲ್ಲಿ ಅನುಕೂಲವಾದ ಶ್ಲೋಕಕ್ಕೆ ಅಕ್ಷರಾರ್ಥವನ್ನೂ ಪ್ರತಿಕೂಲವಾದುದಕ್ಕೆ ತಾತ್ಪರ್ಯವನ್ನೂ ಹೇಳುತ್ತ ಹೋದರೆ ಅದು ವ್ಯಾಖ್ಯಾನವಾಗದೆ ವಕೀಲಿಯಾಗುತ್ತದೆ. ಸಲಿಂಗವಿವಾಹದ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದ ಮುಂದಿದ್ದ ೨೦೨೩ನೆಯ ಇಸವಿಯಲ್ಲಿ ಉಭಯಪಕ್ಷದವರೂ ಸ್ಮೃತಿಪುರಾಣಗಳನ್ನು ಹೀಗೆಯೇ ಉದಾಹರಿಸಿದರು. ಈ ರೀತಿ ಹೊಸದಲ್ಲ. ವಿಧವಾವಿವಾಹದ ವಾದದಲ್ಲಿ ಇದು ಹಿಂದೆಯೇ ಕಾಣಿಸಿಕೊಂಡಿತ್ತು. ಅದರ ಫಲವನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯೂ ಅನುಭವಿಸಿತು.

ಮೊದಲು ಆ ಹಳೆಯ ವಾದವನ್ನು ನೋಡತಕ್ಕದ್ದು. ಈಶ್ವರಚಂದ್ರ ವಿದ್ಯಾಸಾಗರರು ೧೮೫೫ರಲ್ಲಿ ಪರಾಶರಸ್ಮೃತಿಯ ನಾಲ್ಕನೆಯ ಅಧ್ಯಾಯದ ಒಂದು ಶ್ಲೋಕವನ್ನು ಮುಂದಿಟ್ಟರು. ಪತಿಯು ಕಾಣೆಯಾದರೂ, ಸತ್ತರೂ, ಸಂನ್ಯಾಸಿಯಾದರೂ, ಕ್ಲೀಬನಾದರೂ, ಪತಿತನಾದರೂ ಸ್ತ್ರೀಗೆ ಬೇರೊಬ್ಬ ಪತಿಯು ವಿಹಿತನೆಂಬುದು ಅದರ ಭಾವ. ಪರಾಶರಸ್ಮೃತಿಯು ತನ್ನನ್ನು ಕಲಿಯುಗದ ಧರ್ಮಶಾಸ್ತ್ರವೆಂದು ಮೊದಲ ಅಧ್ಯಾಯದಲ್ಲಿಯೇ ಹೇಳಿಕೊಳ್ಳುವುದರಿಂದ ಈ ವಚನವು ಇಂದಿನ ಜನಕ್ಕೆ ಸಲ್ಲತಕ್ಕದ್ದೆಂದು ಅವರು ವಾದಿಸಿದರು. ವಿಜಯನಗರದ ಬುಕ್ಕರಾಯನ ಮಂತ್ರಿಯಾದ ಮಾಧವಾಚಾರ್ಯನು ಹದಿನಾಲ್ಕನೆಯ ಶತಮಾನದಲ್ಲಿಯೇ ಈ ಸ್ಮೃತಿಗೆ ವ್ಯಾಖ್ಯಾನ ಬರೆದು, ಪುನರ್ವಿವಾಹದ ಮಾತು ಯುಗಾಂತರಕ್ಕೆ ಸಂಬಂಧಿಸಿದುದೆಂದು ತೀರ್ಮಾನಿಸಿದ್ದನು. ಅಂದರೆ ಕಲಿಯುಗಕ್ಕೆಂದೇ ಹೊರಟ ಗ್ರಂಥದ ಒಂದು ಶ್ಲೋಕವು ವ್ಯಾಖ್ಯಾನಕಾರನ ಕೈಯಲ್ಲಿ ಕಲಿಯುಗದಿಂದ ಹೊರಗಾಯಿತು. ನಂತರದ ಪ್ರತಿವಾದಿಗಳು ವ್ಯಾಕರಣವನ್ನೂ ಹಿಡಿದರು. ಶ್ಲೋಕದಲ್ಲಿರುವ ಸಪ್ತಮೀರೂಪವು ಪಾಣಿನೀಯ ನಿಯಮಕ್ಕೆ ಹೊಂದದಿರುವುದರಿಂದ ಅಲ್ಲಿ ‘ಅಪತಿ’ ಎಂದು ಪದಚ್ಛೇದ ಮಾಡಬೇಕೆಂದೂ, ಅದು ವಾಗ್ದತ್ತನಾದ ವರನನ್ನು ಮಾತ್ರ ಹೇಳುವುದೆಂದೂ ವಾದ ಹುಟ್ಟಿತು.

ಇಲ್ಲಿ ಗಮನಿಸತಕ್ಕ ಸಂಗತಿ ಬೇರೊಂದುಂಟು. ಈ ಶ್ಲೋಕಕ್ಕೆ ಒಡನೆಯೇ ಬರುವ ಶ್ಲೋಕವು ಬ್ರಹ್ಮಚರ್ಯದಲ್ಲಿರುವ ವಿಧವೆಗೆ ಸ್ವರ್ಗವನ್ನು ಹೇಳುತ್ತದೆ. ಅದರ ಮುಂದಿನದು ಸಹಗಮನ ಮಾಡಿದವಳಿಗೆ ಮನುಷ್ಯದೇಹದ ರೋಮಗಳಷ್ಟು, ಎಂದರೆ ಮೂರೂವರೆ ಕೋಟಿ ವರ್ಷಗಳ ಸ್ವರ್ಗವಾಸವನ್ನು ಹೇಳುತ್ತದೆ. ಮೂರು ಶ್ಲೋಕಗಳೂ ಒಂದೇ ಪುಟದಲ್ಲಿವೆ. ಸುಧಾರಕರಿಗೆ ಮೊದಲನೆಯದರ ಅಕ್ಷರ ಬೇಕಾಯಿತು. ವಿರೋಧಿಗಳಿಗೆ ಎರಡನೆಯದರ ಅಕ್ಷರ ಬೇಕಾಯಿತು. ೧೮೨೯ರಲ್ಲಿ ನಿಷಿದ್ಧವಾದ ಸಹಗಮನವನ್ನು ಹೊಗಳುವ ಮೂರನೆಯದು ವಾದದ ಮುಂಚೂಣಿಗೆ ಬರಲಿಲ್ಲ. ೧೮೫೬ರ ಹದಿನೈದನೆಯ ಕಾಯಿದೆಯು ವಿಧವಾವಿವಾಹವನ್ನು ಸಿಂಧುಗೊಳಿಸಿದರೂ ವಿವಾದ ಮುಗಿಯಲಿಲ್ಲ. ೧೮೭೦ರಲ್ಲಿ ಪುಣೆಯಲ್ಲಿ ಕರವೀರ-ಸಂಕೇಶ್ವರ ಪೀಠದ ಶಂಕರಾಚಾರ್ಯರ ಸಮಕ್ಷಮದಲ್ಲಿ ವಿಷ್ಣುಶಾಸ್ತ್ರಿ ಪಂಡಿತರೇ ಮೊದಲಾದವರು ಶಾಸ್ತ್ರಾರ್ಥ ನಡೆಸಿದರು. ನಿರ್ಣಯವು ಸುಧಾರಕರಿಗೆ ವಿರುದ್ಧವಾಯಿತು. ಸಂಕೇಶ್ವರವು ಚಿಕ್ಕೋಡಿಗೆ ನೆರೆಯ ಊರು.

ಹೀಗೆ ಪೀಠವು ನೆರೆಯಲ್ಲಿದ್ದರೂ ಈ ಸೀಮೆಯ ಒಕ್ಕಲುಜನರು ಆ ನಿರ್ಣಯಕ್ಕಾಗಿ ಕಾದಿರಲಿಲ್ಲ. ಲಿಂಗವಂತ ಒಕ್ಕಲಿಗರಲ್ಲಿಯೂ, ಮರಾಠಾ ಕುಳಗಳಲ್ಲಿಯೂ, ಚತುರ್ಥ ಪಂಚಮ ಜೈನರಲ್ಲಿಯೂ ವಿಧವೆಯ ಮರುಮದುವೆಯು ರೂಢಿಯಲ್ಲಿತ್ತು. ಕನ್ನಡಿಗರು ಅದನ್ನು ಉಡಿಕೆಯೆಂದೂ ಮರಾಠಿಗರು ಪಾಟವೆಂದೂ ಕರೆದರು. ಅದು ಸಾಮಾನ್ಯವಾಗಿ ರಾತ್ರಿಯಲ್ಲಿ, ಮೊದಲನೆಯ ಮದುವೆಯ ಸಂಭ್ರಮವಿಲ್ಲದೆ ನಡೆಯುತ್ತಿತ್ತು. ಅದರ ಮಾನ ಕಡಿಮೆ, ಆದರೆ ಸಿಂಧುತ್ವಕ್ಕೆ ಕೊರತೆಯಿರಲಿಲ್ಲ. ಇಪ್ಪತ್ತನೆಯ ಶತಮಾನದ ದಿಗಂಬರ ಮುನಿಪರಂಪರೆಯನ್ನು ಪುನರುಜ್ಜೀವಿಸಿದ, ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು ಹುಟ್ಟಿದುದು ಈ ರೂಢಿಯುಳ್ಳ ಚತುರ್ಥ ಸಮಾಜದಲ್ಲಿಯೇ. ನಿಪ್ಪಾಣಿಯ ಬಳಿಯ ಸ್ತವನಿಧಿ ಕ್ಷೇತ್ರದಲ್ಲಿ ೧೮೯೯ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯನ್ನು ಸ್ಥಾಪಿಸಿದವರೂ ಬಹುಮಟ್ಟಿಗೆ ಇಂತಹ ಸಮಾಜಗಳವರು. ರೂಢಿಯು ತಪಸ್ಸಿಗೂ ವಿದ್ಯೆಗೂ ಅಡ್ಡಿಯಾಗಲಿಲ್ಲ.

ಇಂತಿರಲು ೧೮೫೬ರ ಕಾಯಿದೆಯಿಂದ ಈ ಜನಕ್ಕೆ ಒಂದು ಅನಿರೀಕ್ಷಿತ ಹಾನಿಯುಂಟಾಯಿತು. ಅದರ ಎರಡನೆಯ ಕಲಮಿನಂತೆ ಮರುಮದುವೆಯಾದ ವಿಧವೆಯು ಮೃತಪತಿಯ ಆಸ್ತಿಯಲ್ಲಿನ ಹಕ್ಕನ್ನು ಕಳೆದುಕೊಳ್ಳಬೇಕು. ರೂಢಿಯಿಂದಲೇ ಮರುಮದುವೆಯ ಅಧಿಕಾರವುಳ್ಳ ಜಾತಿಗಳಿಗೂ ಈ ಕಲಮು ಅನ್ವಯಿಸುವುದೇ ಎಂಬ ಪ್ರಶ್ನೆ ಎದ್ದಾಗ ಅಲಹಾಬಾದಿನ ನ್ಯಾಯಾಲಯವು ಅನ್ವಯಿಸದೆಂದಿತು. ಬೆಳಗಾವಿ ಜಿಲ್ಲೆಯು ಯಾವುದರ ಅಧೀನದಲ್ಲಿತ್ತೋ ಆ ಬೊಂಬಾಯಿ ಹೈಕೋರ್ಟು ಅನ್ವಯಿಸುವುದೆಂದಿತು. ಶ್ಲೋಕವೊಂದರ ಪದಚ್ಛೇದಕ್ಕಾಗಿ ಪಂಡಿತರು ನಡೆಸಿದ ವಾದದಿಂದ ಹುಟ್ಟಿದ ಕಾಯಿದೆಯು, ಆ ಶ್ಲೋಕದ ಹೆಸರನ್ನೂ ಕೇಳದ ಒಕ್ಕಲುಹೆಂಗಸಿನ ಹೊಲಮನೆಗಳ ಮೇಲೆ ಬಿದ್ದಿತು. ರಾಯಬಾಗವು ಆಗ ಕೊಲ್ಹಾಪುರ ಸಂಸ್ಥಾನದಲ್ಲಿದ್ದಿತು; ಅಲ್ಲಿ ಶಾಹು ಮಹಾರಾಜರು ೧೯೧೭ರಲ್ಲಿ ವಿಧವಾವಿವಾಹದ ನೋಂದಣಿಗೆ ಬೇರೊಂದು ಕಾಯಿದೆಯನ್ನು ತಂದರು. ೧೮೫೬ರ ಕಾಯಿದೆಯು ೧೯೮೩ರಲ್ಲಿ ರದ್ದಾಯಿತು.

ಇದೇ ಸೀಮೆಯ ಇನ್ನೊಂದು ಆಚಾರವೂ ವಿಚಾರಾರ್ಹವಾಗಿದೆ. ಸವದತ್ತಿಯ ಎಲ್ಲಮ್ಮನಿಗೂ ಅಥಣಿ ತಾಲ್ಲೂಕಿನ ಕೋಕಟನೂರಿನ ಎಲ್ಲಮ್ಮನಿಗೂ ಮುತ್ತು ಕಟ್ಟಿಸಿಕೊಂಡ ಜೋಗತಿಯರು ಅದನ್ನು ಮದುವೆಯೆಂದೇ ಹೇಳುತ್ತಾರೆ. ದೇವಿಯನ್ನೇ ಗಂಡನೆಂದು ಕರೆಯುವವರೂ ಉಂಟು. ಸ್ತ್ರೀವೇಷದ ಜೋಗಪ್ಪಗಳಿಗೂ ಅದೇ ಮುತ್ತು. ಈ ಮಾತುಗಳ ಅಕ್ಷರಾರ್ಥವನ್ನು ಹಿಡಿದು ಸಲಿಂಗವಿವಾಹಕ್ಕೆ ಇಲ್ಲಿಯೇ ಪ್ರಮಾಣವಿದೆಯೆಂದು ಹೇಳುವುದು ಸುಲಭ. ಆದರೆ ಬಡ ದಲಿತ ಕುಟುಂಬಗಳ ಎಳೆಯ ಹುಡುಗಿಯರನ್ನು ಅವರ ಸಮ್ಮತಿಯಿಲ್ಲದೆ ಬಿಟ್ಟ ಪದ್ಧತಿಯೂ ಇದೇ. ಬೊಂಬಾಯಿ ಸರಕಾರವು ೧೯೩೪ರಲ್ಲಿಯೂ ಕರ್ನಾಟಕ ಸರಕಾರವು ೧೯೮೨ರಲ್ಲಿಯೂ ಇದನ್ನು ಕಾಯಿದೆಯಿಂದ ನಿಷೇಧಿಸಿದುದು ಅಕಾರಣವಾಗಿ ಅಲ್ಲ. ಅರ್ಧವನ್ನು ಮಾತ್ರ ಓದುವ ದೋಷವು ರೂಢಿಯ ವಿಷಯದಲ್ಲಿಯೂ ಸಂಭವಿಸುತ್ತದೆ.

ಈಗ ಸಲಿಂಗವಿವಾಹದ ವಾದಕ್ಕೆ ಬರಬಹುದು. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಕನ್ಯೆಯನ್ನು ದೂಷಿಸಿದ ಕನ್ಯೆಗೂ ಸ್ತ್ರೀಗೂ ದಂಡವನ್ನು ಹೇಳುತ್ತದೆ. ವಿರೋಧಿಗಳು ಇದನ್ನು ಉದಾಹರಿಸುತ್ತಾರೆ. ಹನ್ನೊಂದನೆಯ ಅಧ್ಯಾಯವು ಪುರುಷಸಂಗ ಮಾಡಿದ ದ್ವಿಜನಿಗೆ ಉಟ್ಟ ಬಟ್ಟೆಯಲ್ಲಿಯೇ ಸ್ನಾನವನ್ನು ವಿಧಿಸಿ, ಎತ್ತಿನ ಬಂಡಿಯಲ್ಲಿ, ನೀರಿನಲ್ಲಿ, ಹಗಲಿನಲ್ಲಿ ಸ್ತ್ರೀಸಂಗ ಮಾಡಿದವನಿಗೂ ಅದನ್ನೇ ಹೇಳುತ್ತದೆ. ಸಮರ್ಥಕರು ಇದನ್ನು ಉದಾಹರಿಸುತ್ತಾರೆ. ಅದೇ ಅಧ್ಯಾಯವು ಪುರುಷಸಂಗವನ್ನು ಮದ್ಯದ ಆಘ್ರಾಣದೊಡನೆ ಜಾತಿಭ್ರಂಶದ ಪಟ್ಟಿಯಲ್ಲಿ ಸೇರಿಸಿರುವುದನ್ನು ಅವರು ಬಿಡುತ್ತಾರೆ. ಮೂವತ್ತರ ವರನಿಗೆ ಹನ್ನೆರಡರ ಕನ್ಯೆ, ಇಪ್ಪತ್ತನಾಲ್ಕರವನಿಗೆ ಎಂಟರವಳು ಎಂಬ ಒಂಬತ್ತನೆಯ ಅಧ್ಯಾಯದ ಮಾತನ್ನು ವಿರೋಧಿಗಳು ಬಿಡುತ್ತಾರೆ. ಅದನ್ನು ಅಕ್ಷರಶಃ ನಡೆಸುವವನು ಇಂದು ಅಪರಾಧಿ. ಕೃತ್ತಿವಾಸನ ಬಂಗಾಳಿ ರಾಮಾಯಣದಲ್ಲಿ ಇಬ್ಬರು ರಾಣಿಯರ ಸಂಗದಿಂದ ಭಗೀರಥನು ಹುಟ್ಟಿದ ಕಥೆಯುಂಟು. ವಂಶೋದ್ಧಾರವೇ ಅದರ ಪ್ರಯೋಜನವೆಂಬುದನ್ನು ಅದನ್ನು ಹೇಳುವವರು ಮರೆಯುತ್ತಾರೆ. ಮನುವಿನ ಮೇಲಿನ ವಚನಗಳೆಲ್ಲವೂ ಸಂಗವನ್ನು ಕುರಿತವೇ ಹೊರತು ವಿವಾಹವನ್ನು ಕುರಿತವಲ್ಲ. ವಿವಾಹದ ಎಂಟು ವಿಧಗಳನ್ನು ಹೇಳುವಲ್ಲಿ ವರನೂ ಕನ್ಯೆಯೂ ಉಂಟೆಂಬುದು ಗೃಹೀತವಾಗಿದೆ. ಈ ಪ್ರಶ್ನೆಯೇ ಅಲ್ಲಿ ಎದ್ದಿಲ್ಲ.

ನ್ಯಾಯಾಲಯಗಳಲ್ಲಿಯೂ ವಾದವು ಪದಾರ್ಥಕ್ಕೆ ಬಂದು ನಿಂತಿತು. ೧೮೫೫ರಲ್ಲಿ ‘ಪತಿ’ ಎಂದರೆ ಯಾರೆಂದು ಕೇಳಿದಂತೆ, ೨೦೧೯ರಲ್ಲಿ ಮದರಾಸು ಹೈಕೋರ್ಟಿನ ಮುಂದೆ ಹಿಂದೂ ವಿವಾಹ ಕಾಯಿದೆಯ ‘ವಧು’ ಎಂದರೆ ಯಾರೆಂಬ ಪ್ರಶ್ನೆ ಬಂದಿತು. ಪರಿವರ್ತಿತಲಿಂಗದ ಸ್ತ್ರೀಯೂ ವಧುವೇ ಎಂದು ತೀರ್ಪಾಯಿತು. ೨೦೨೩ರ ಅಕ್ಟೋಬರ್ ೧೭ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳೂ, ವಿವಾಹವು ಮೂಲಭೂತ ಹಕ್ಕಲ್ಲವೆಂದೂ ೧೯೫೪ರ ವಿಶೇಷ ವಿವಾಹ ಕಾಯಿದೆಯನ್ನು ತಿದ್ದಿ ಓದಲಾಗದೆಂದೂ ಹೇಳಿದರು. ಸಲಿಂಗಿಗಳ ಸಹಜೀವನಕ್ಕೆ ಕಾನೂನಿನ ಮನ್ನಣೆಯ ಹಕ್ಕಿದೆಯೆಂಬ ಪಕ್ಷಕ್ಕೆ ಇಬ್ಬರ ಸಮ್ಮತಿ ಮಾತ್ರ ದೊರೆಯಿತು. ೧೯೫೪ರ ಕಾಯಿದೆಯು ಯಾವ ಸ್ಮೃತಿಯನ್ನೂ ಆಧರಿಸಿದುದಲ್ಲ; ಧಾರ್ಮಿಕ ವಿಧಿಯನ್ನು ಬೇಡದ ವಿವಾಹಕ್ಕಾಗಿಯೇ ಅದು ಹುಟ್ಟಿತು. ಆದುದರಿಂದ ಆ ಕಾಯಿದೆಯ ಬಗೆಗಿನ ಸಾರ್ವಜನಿಕ ವಾದದಲ್ಲಿ ಮನುವನ್ನು ಉಭಯಪಕ್ಷದವರೂ ಕರೆತಂದುದು ಸ್ಥಾನೋಚಿತವಲ್ಲ.

ಚಿಕ್ಕೋಡಿ ಸೀಮೆಯ ನಿದರ್ಶನದಿಂದ ಸಿದ್ಧವಾಗುವ ಸಂಗತಿಗಳು ಎರಡು. ಒಂದನೆಯದು: ವಿವಾಹದ ಸ್ವರೂಪವು ಇಲ್ಲಿ ಎಲ್ಲ ಜನರಲ್ಲಿಯೂ ಶ್ಲೋಕದಿಂದ ನಿಶ್ಚಿತವಾಗಿರಲಿಲ್ಲ, ಶಾಸ್ತ್ರಸಮ್ಮತವಲ್ಲದ ಉಡಿಕೆಯಿಂದ ಹುಟ್ಟಿದ ಸಂಸಾರಗಳು ಊರಲ್ಲಿ ಮಾನದಿಂದಲೇ ಬಾಳಿದವು. ಎರಡನೆಯದು: ಶ್ಲೋಕವಾದದ ವೆಚ್ಚವನ್ನು ವಾದಿಗಳು ತೆರುವುದಿಲ್ಲ. ಹಿಂದೆ ವಿಧವೆಯು ತನ್ನ ಹೊಲವನ್ನು ಕೊಟ್ಟು ತೆತ್ತಳು. ಇಂದು ಒಟ್ಟಿಗೆ ಬಾಳುವ ಇಬ್ಬರಲ್ಲಿ ಒಬ್ಬರು ಸತ್ತರೆ ಉಳಿದವರು ವಾರಸುದಾರಿಕೆಯಿಲ್ಲದೆ ತೆರುತ್ತಾರೆ. ಸಲಿಂಗವಿವಾಹವು ಆಗಲೆಂದಾಗಲಿ ಬೇಡವೆಂದಾಗಲಿ ವಾದಿಸುವವರು ಶಾಸ್ತ್ರವನ್ನು ಬಿಟ್ಟು ವಾದಿಸಬಹುದು. ಶಾಸ್ತ್ರವನ್ನು ತರುವುದಾದರೆ ಉದಾಹರಿಸಿದ ಶ್ಲೋಕದ ಹಿಂದಿನದನ್ನೂ ಮುಂದಿನದನ್ನೂ ಅದೇ ಅಳತೆಯಿಂದ ಓದತಕ್ಕದ್ದು. ಪರಾಶರನ ನಾಲ್ಕನೆಯ ಅಧ್ಯಾಯದ ಮೂರು ಶ್ಲೋಕಗಳನ್ನು ಒಟ್ಟಿಗೆ ಓದಿದವರಿಗೆ ಈ ನಿಯಮದ ಅವಶ್ಯಕತೆಯು ಸ್ಪಷ್ಟವಾಗದಿರದು.