ನಾಕಾಬಂದಿಯಲ್ಲಿ ಪೊಲೀಸರು ಕೇಳಿದರೆ ಮೊಬೈಲ್ ಲಾಕ್ ತೆಗೆಯಲೇಬೇಕೇ?

ರಾತ್ರಿ ಹೆಬ್ಬಾಳ ಫ್ಲೈಓವರ್ ಬಳಿಯೋ ಯಲಹಂಕದ ರಸ್ತೆಯಲ್ಲೋ ಪೊಲೀಸರು ಗಾಡಿ ನಿಲ್ಲಿಸಿದರು ಎಂದುಕೊಳ್ಳಿ. ಡಿಎಲ್, ಆರ್‌ಸಿ ತೋರಿಸಿದಿರಿ. ಆಮೇಲೆ ‘ಮೊಬೈಲ್ ಕೊಡಿ, ಲಾಕ್ ತೆಗೀರಿ’ ಎಂದರೆ? ವಾಟ್ಸ್‌ಆ್ಯಪ್‌ನಲ್ಲಿ ಇದಕ್ಕೆ ಎರಡು ಉತ್ತರ ಓಡಾಡುತ್ತವೆ. ‘ಸಂವಿಧಾನದ 20(3)ನೇ ವಿಧಿ ಇದೆ, ಮೊಬೈಲ್ ಮುಟ್ಟುವಂತೆಯೇ ಇಲ್ಲ’ ಎನ್ನುವುದು ಒಂದು. ‘ಕೊಡದಿದ್ದರೆ ನೇರ ಜೈಲು’ ಎನ್ನುವುದು ಇನ್ನೊಂದು. ಎರಡೂ ಪೂರ್ತಿ ನಿಜವಲ್ಲ.

20(3)ನೇ ವಿಧಿ ಹೇಳುವುದು ಇಷ್ಟೇ: ಅಪರಾಧದ ಆರೋಪ ಹೊತ್ತವರನ್ನು ತಮ್ಮ ವಿರುದ್ಧ ತಾವೇ ಸಾಕ್ಷಿಯಾಗುವಂತೆ ಬಲವಂತ ಮಾಡುವಂತಿಲ್ಲ. ಆದರೆ ಬೆರಳಚ್ಚು, ಕೈಬರಹದ ಮಾದರಿ ಇದರೊಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್‌ನ 11 ನ್ಯಾಯಮೂರ್ತಿಗಳ ಪೀಠ 1961ರಲ್ಲೇ ಹೇಳಿದೆ. ಹಾಗಾದರೆ ಪಾಸ್‌ವರ್ಡ್ ಯಾವ ಗುಂಪಿಗೆ ಸೇರುತ್ತದೆ?

ಈ ಪ್ರಶ್ನೆ ಎದ್ದದ್ದು ನಮ್ಮ ಬೆಂಗಳೂರಿನದೇ ಡ್ರಗ್ಸ್ ಪ್ರಕರಣವೊಂದರಲ್ಲಿ. 2021ರ ಮಾರ್ಚ್ 12ರಂದು ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ತೀರ್ಪು ಕೊಟ್ಟರು. ಪಾಸ್‌ವರ್ಡ್ ಅಥವಾ ಬೆರಳಚ್ಚು ಕೊಟ್ಟು ಫೋನ್ ತೆರೆಯುವುದು ತನ್ನ ವಿರುದ್ಧ ಸಾಕ್ಷಿ ಹೇಳಿದಂತಲ್ಲ ಎಂದರು. ಫಾರ್ವರ್ಡ್ ಮಾಡುವವರು ಇಲ್ಲಿಗೇ ನಿಲ್ಲಿಸುತ್ತಾರೆ. ತೀರ್ಪು ಇಲ್ಲಿಗೆ ನಿಲ್ಲುವುದಿಲ್ಲ. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು. ಆರೋಪಿ ಕೊಡದಿದ್ದರೆ ನ್ಯಾಯಾಲಯಕ್ಕೆ ಹೋಗಿ ಫೋನ್ ಶೋಧನೆಗೆ ವಾರಂಟ್ ಕೇಳಬೇಕು. ತೀರಾ ತುರ್ತಿದ್ದರೆ ಮಾತ್ರ, ಕಾರಣ ಬರೆದಿಟ್ಟು, ವಾರಂಟ್ ಇಲ್ಲದೆ ನೋಡಬಹುದು. ಫೋನ್‌ನಲ್ಲಿ ಸಿಕ್ಕಿದ್ದನ್ನು ಕೋರ್ಟ್‌ನ ಅನುಮತಿಯಿಲ್ಲದೆ ಮೂರನೆಯವರಿಗೆ ಕೊಡುವಂತಿಲ್ಲ. ಸುಳ್ಳುಪತ್ತೆ ಪರೀಕ್ಷೆಗೆ ಆರೋಪಿಯ ಒಪ್ಪಿಗೆ ಬೇಕೇ ಬೇಕು, ಮೌನವನ್ನು ಒಪ್ಪಿಗೆ ಎನ್ನುವಂತಿಲ್ಲ. (ಮಂಪರು ಪರೀಕ್ಷೆಯನ್ನು ಬಲವಂತವಾಗಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದೂ ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ.) ಪಾಸ್‌ವರ್ಡ್ ವಿಷಯದಲ್ಲಿ ಎಲ್ಲ ನ್ಯಾಯಾಲಯಗಳದೂ ಒಂದೇ ಮಾತಲ್ಲ. ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯ 2022ರಲ್ಲಿ ಆರೋಪಿಯನ್ನು ಬಲವಂತ ಮಾಡುವಂತಿಲ್ಲ ಎಂದಿತು.

ಗಮನಿಸಿ, ಇದೆಲ್ಲ ಪ್ರಕರಣ ದಾಖಲಾಗಿ ತನಿಖೆ ನಡೆಯುವಾಗಿನ ಮಾತು. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಸುಮ್ಮನೆ ಚಾಟ್, ಫೋಟೊ ತಿರುವಿ ನೋಡುವ ಅಧಿಕಾರ ಕೊಡುವ ಸೆಕ್ಷನ್ ಬಿಎನ್‌ಎಸ್‌ಎಸ್‌ನಲ್ಲಿ ಇಲ್ಲ. 2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲಿಗೆ ಬಂದಿರುವ ಕಾನೂನು ಇದು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ತೀರ್ಪು ಬಂದಿದೆ. ಆ ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ.

ಹಾಗಾಗಿ ರಸ್ತೆಯಲ್ಲಿ ವಿಧಿಯ ನಂಬರ್ ಹೇಳಿ ಜಗಳಕ್ಕೆ ನಿಲ್ಲುವುದಕ್ಕಿಂತ, ‘ಸರ್, ಯಾವ ಕೇಸ್? ವಾರಂಟ್ ಇದೆಯಾ?’ ಎಂದು ಮೆಲ್ಲಗೆ ಕೇಳುವುದು ಮೇಲು. ಬಲವಂತವಾಗಿ ಕಸಿದುಕೊಂಡರೆ ತಳ್ಳಾಟ ಬೇಡ. ಹೆಸರು, ಠಾಣೆ, ಸಮಯ ಬರೆದಿಟ್ಟುಕೊಂಡು ಡಿಸಿಪಿ ಕಚೇರಿಗೆ ಅಥವಾ ರಾಜ್ಯ ಪೊಲೀಸ್ ದೂರು ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ. ‘ಪೊಲೀಸರನ್ನು ಕಂಡ ಕೂಡಲೇ ಚಾಟ್ ಡಿಲೀಟ್ ಮಾಡಿ’ ಎಂಬ ಸಲಹೆಯನ್ನಂತೂ ನಂಬಬೇಡಿ. ಸಾಕ್ಷ್ಯ ಸಿಗದಂತೆ ಮಾಡಲು ಅಳಿಸುವುದೇ ಬೇರೆ ಅಪರಾಧ.

ಮನೆ ಶೋಧನೆಗೂ ಕ್ರಮವಿದೆ. ಆ ಪ್ರದೇಶದ ಇಬ್ಬರು ಸ್ವತಂತ್ರ ಸಾಕ್ಷಿಗಳಿರಬೇಕು. ವಶಪಡಿಸಿಕೊಂಡ ವಸ್ತುಗಳ ಪಟ್ಟಿಯ ಪ್ರತಿ ಮನೆಯವರಿಗೆ ಸಿಗಬೇಕು. ಸೆಕ್ಷನ್ 105ರ ಪ್ರಕಾರ ಪಟ್ಟಿ ಬರೆದು ಸಾಕ್ಷಿಗಳು ಸಹಿ ಹಾಕುವವರೆಗೆ ಎಲ್ಲವೂ ವಿಡಿಯೊ ಆಗಬೇಕು. ಬಂಧಿಸಿದರೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಇದು 22ನೇ ವಿಧಿ. ವಿಡಿಯೊ ಕಾಲ್‌ನಲ್ಲಿ ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ ಎನ್ನುವವರು ಪೊಲೀಸರೇ ಅಲ್ಲ. ಕಾಲ್ ಕಟ್ ಮಾಡಿ 1930ಕ್ಕೆ ಫೋನ್ ಮಾಡಿ.