ನೊದಾಮೆ ಕಾಂತಾಬಿಲೆ

ನೊದಾಮೆ ಕಾಂತಾಬಿಲೆ ಎಂಬುದು ಜಪಾನಿನ ಲೇಖಕಿ ನಿನೊಮಿಯಾ ತೊಮೊಕೊ ಅವರು ಬರೆದು ಚಿತ್ರಿಸಿದ ಚಿತ್ರಕಥಾ ಸರಣಿ. ಇಂತಹ ಚಿತ್ರಕಥೆಗಳಿಗೆ ಜಪಾನಿ ಭಾಷೆಯಲ್ಲಿ ‘ಮಾಂಗಾ’ ಎಂಬ ಹೆಸರಿದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಕಲಿಯುತ್ತಿರುವ ಒಬ್ಬ ತರುಣ ಮತ್ತು ಒಬ್ಬ ತರುಣಿಯ ಪ್ರೇಮಕಥೆಯಿದು. ಕೊದಾನ್ಶಾ ಪ್ರಕಾಶನ ಸಂಸ್ಥೆಯ ‘ಕಿಸ್’ ಎಂಬ ಮಹಿಳಾ ಪತ್ರಿಕೆಯಲ್ಲಿ 2001ರ ಜುಲೈ ತಿಂಗಳಿನಿಂದ 2009ರ ಅಕ್ಟೋಬರ್‌ವರೆಗೆ ಧಾರಾವಾಹಿಯಾಗಿ ಪ್ರಕಟವಾಯಿತು. ಮುಖ್ಯಕಥೆಯು 23 ಸಂಪುಟಗಳಲ್ಲಿ ಪುಸ್ತಕರೂಪ ಪಡೆದಿದೆ. ಆಪೆರಾವನ್ನು ಕುರಿತ ಅನುಬಂಧ ಕಥೆ ಮತ್ತೆರಡು ಸಂಪುಟಗಳಷ್ಟಿದೆ. 2004ರಲ್ಲಿ ಈ ಕೃತಿಗೆ ಕೊದಾನ್ಶಾ ಮಾಂಗಾ ಪ್ರಶಸ್ತಿ ದೊರೆಯಿತು.

ಹೆಸರು

ಕಥಾನಾಯಕಿಯ ಹೆಸರು ನೊದಾ ಮೆಗುಮಿ. ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಎರಡು ಹೆಸರುಗಳನ್ನೂ ಕೂಡಿಸಿ ಮೊಟಕುಗೊಳಿಸಿದಾಗ ‘ನೊದಾಮೆ’ ಎಂದಾಗುತ್ತದೆ. ‘ಕಾಂತಾಬಿಲೆ’ ಇಟಾಲಿಯನ್ ಭಾಷೆಯ ಪದ; ವಾದ್ಯವನ್ನು ಹಾಡುವ ರೀತಿಯಲ್ಲಿ ನುಡಿಸಬೇಕೆಂದು ಸೂಚಿಸಲು ಸ್ವರಲಿಪಿಯಲ್ಲಿ ಇದನ್ನು ಬರೆಯುತ್ತಾರೆ. ನಾಯಕಿಯ ಪಿಯಾನೋ ವಾದನದ ಗುಣವೂ ಅದೇ.

ಕಥೆ

ಚಿಯಾಕಿ ಶಿನ್‌ಇಚಿ ಟೋಕಿಯೋದ ಮೊಮೊಗಾಒಕಾ ಎಂಬ ಕಾಲ್ಪನಿಕ ಸಂಗೀತ ಕಾಲೇಜಿನ ವಿದ್ಯಾರ್ಥಿ. ಪಿಯಾನೋ ವಿಭಾಗದಲ್ಲಿದ್ದರೂ ಅವನ ಆಸೆ ವಾದ್ಯವೃಂದವನ್ನು ನಿರ್ದೇಶಿಸುವ ‘ಕಂಡಕ್ಟರ್’ ಆಗಬೇಕೆಂಬುದು. (ಕನ್ನಡದಲ್ಲಿ ಈ ಪದ ಬಸ್ಸನ್ನು ನೆನಪಿಗೆ ತರುವುದರಿಂದ ಇಲ್ಲಿ ‘ವೃಂದ ನಿರ್ದೇಶಕ’ ಎಂದು ಬಳಸಲಾಗಿದೆ.) ಬಾಲ್ಯದಲ್ಲಿ ಯುರೋಪಿನಲ್ಲಿದ್ದಾಗ ಕಂಡ ವಿಯೆರಾ ಎಂಬ ಹಿರಿಯ ನಿರ್ದೇಶಕರ ಬಳಿ ಕಲಿಯಬೇಕೆಂಬುದು ಅವನ ಹಂಬಲ. ಆದರೆ ಚಿಕ್ಕಂದಿನಲ್ಲಿ ಪ್ರಯಾಣಿಸುತ್ತಿದ್ದ ವಿಮಾನ ಅಪಾಯಕ್ಕೆ ಸಿಲುಕಿದಂದಿನಿಂದ ಅವನು ವಿಮಾನ ಹತ್ತಲಾರ. ನೀರನ್ನು ಕಂಡರೂ ಭಯಪಡುತ್ತಾನೆ. ಹೀಗೆ ಪ್ರತಿಭೆಯಿದ್ದೂ ಜಪಾನಿನಿಂದ ಹೊರಹೋಗಲಾಗದೆ ಕುದಿಯುತ್ತಿರುತ್ತಾನೆ.

ಒಂದು ರಾತ್ರಿ ಕುಡಿದು ಮನೆಯ ಬಾಗಿಲಿನಲ್ಲೇ ಬಿದ್ದ ಚಿಯಾಕಿಗೆ ಎಚ್ಚರವಾದಾಗ ಬೀಥೋವನನ ‘ಪಾಥೆಟಿಕ್’ ಸೊನಾಟಾ ಕಿವಿಗೆ ಬೀಳುತ್ತದೆ. ನುಡಿಸುತ್ತಿದ್ದವಳು ಪಕ್ಕದ ಮನೆಯ ನೊದಾಮೆ. ಅವಳ ಕೋಣೆ ಕಸದ ರಾಶಿ. ವಾದನವೂ ಲಯ ತಪ್ಪಿ ಹರಿಯುವಂಥದು. ಆದರೂ ಅದರಲ್ಲಿ ಅಪೂರ್ವವಾದುದೊಂದಿದೆಯೆಂದು ಚಿಯಾಕಿ ಗುರುತಿಸುತ್ತಾನೆ. ನೊದಾಮೆ ಸ್ವರಲಿಪಿಯನ್ನು ಸರಿಯಾಗಿ ಓದುವವಳಲ್ಲ. ಒಮ್ಮೆ ಕೇಳಿದ್ದನ್ನು ಕಿವಿಯಿಂದಲೇ ಹಿಡಿದು ನುಡಿಸುತ್ತಾಳೆ. ಕೇಳಿ ಕಲಿಯುವ ಪರಂಪರೆಯುಳ್ಳ ಭಾರತೀಯ ಸಂಗೀತದ ವಿದ್ಯಾರ್ಥಿಗೆ ಇದು ದೋಷವೆನಿಸದು. ಆದರೆ ಬರೆದಿಟ್ಟ ಸ್ವರವನ್ನು ಇದ್ದಂತೆ ನುಡಿಸಬೇಕಾದ ಪಾಶ್ಚಾತ್ಯ ಪದ್ಧತಿಯಲ್ಲಿ ಇದು ದೊಡ್ಡ ತೊಡಕು. ಗುರುಗಳ ಸೂಚನೆಯಂತೆ ಇಬ್ಬರೂ ಮೊಜಾರ್ಟನ ಎರಡು ಪಿಯಾನೋಗಳ ಸೊನಾಟಾವನ್ನು (ಕೆ. 448) ಅಭ್ಯಾಸ ಮಾಡುತ್ತಾರೆ. ತಿದ್ದಿ ತಿದ್ದಿ ಬೇಸತ್ತ ಚಿಯಾಕಿ ಕೊನೆಗೆ ಅವಳನ್ನು ಅವಳ ಇಚ್ಛೆಯಂತೆ ನುಡಿಸಲು ಬಿಟ್ಟು ತಾನು ಜೊತೆಗೂಡುತ್ತಾನೆ. ಮುಂದಿನ ಇಡೀ ಕಥೆಯ ಬೀಜ ಈ ಪ್ರಸಂಗದಲ್ಲಿದೆ.

ಶ್ಟ್ರೇಸೆಮಾನ್ ಎಂಬ ವಿಲಕ್ಷಣ ಜರ್ಮನ್ ನಿರ್ದೇಶಕ ಕಾಲೇಜಿಗೆ ಬಂದ ಮೇಲೆ ಚಿಯಾಕಿಗೆ ವೃಂದ ನಿರ್ದೇಶನದ ಅವಕಾಶ ಸಿಗುತ್ತದೆ. ಮುಂದೆ ನೊದಾಮೆ ಸಮ್ಮೋಹನದ ಮೂಲಕ ಅವನ ವಿಮಾನ ಭಯವನ್ನು ನೀಗಿಸುತ್ತಾಳೆ. ಸ್ಪರ್ಧೆಯೊಂದರಲ್ಲಿ ಸೋತರೂ ಅಲ್ಲಿ ಅವಳ ವಾದನವನ್ನು ಕೇಳಿದ ಪ್ರಾಧ್ಯಾಪಕರೊಬ್ಬರ ಕರೆಯಂತೆ ಪ್ಯಾರಿಸಿನ ಸಂಗೀತ ವಿದ್ಯಾಲಯವನ್ನು ಸೇರುತ್ತಾಳೆ. ಕಥೆಯ ಉತ್ತರಾರ್ಧ ನಡೆಯುವುದು ಯುರೋಪಿನಲ್ಲಿ.

ಕಲಿಕೆಯ ಪ್ರಶ್ನೆ

ನೊದಾಮೆಗೆ ಪಿಯಾನೋ ಪ್ರಿಯ, ಆದರೆ ಪ್ರಸಿದ್ಧ ವಾದಕಿಯಾಗುವ ಹಂಬಲವಿಲ್ಲ. ಶಿಶುವಿಹಾರದ ಶಿಕ್ಷಕಿಯಾಗುವುದು ಅವಳ ಬಯಕೆ. ಇದರ ಕಾರಣವನ್ನು ಲೇಖಕಿ ನಿಧಾನವಾಗಿ ಬಿಚ್ಚಿಡುತ್ತಾರೆ: ಎಳವೆಯಲ್ಲಿಯೇ ಅವಳ ಪ್ರತಿಭೆಯನ್ನು ಕಂಡ ಪಿಯಾನೋ ಶಿಕ್ಷಕನೊಬ್ಬ ಅವಳನ್ನು ಹೊಡೆದು ಕಲಿಸಲು ಹೊರಟಿದ್ದ. ಕಾಲೇಜಿನಲ್ಲಿ ಕಾಗದದ ಬೀಸಣಿಗೆಯಿಂದ ವಿದ್ಯಾರ್ಥಿಗಳನ್ನು ಬಡಿಯುವ ಎತೊ ಎಂಬ ಅಧ್ಯಾಪಕರ ತರಗತಿಯಲ್ಲಿ ಆ ನೆನಪು ಮರಳಿ, ಅವಳು ಪಾಠದಿಂದ ತಪ್ಪಿಸಿಕೊಳ್ಳುತ್ತಾಳೆ. ಬಳಿಕ ಎತೊ ತಾವೇ ಅವಳ ದಾರಿಗೆ ಬಂದು ಕಲಿಸಬೇಕಾಗುತ್ತದೆ. ಹಾಸ್ಯದ ಲೇಪವಿದ್ದರೂ ಕೃತಿಯ ಅತ್ಯಂತ ಗಂಭೀರ ಭಾಗಗಳಲ್ಲಿ ಇದೂ ಒಂದು. ಸಾಧನೆಗೆ ಶಿಸ್ತು ಬೇಕು, ಆದರೆ ಆ ಶಿಸ್ತು ಸಂಗೀತದ ಮೇಲಿನ ಪ್ರೀತಿಯನ್ನೇ ಕೊಂದರೆ ಉಳಿಯುವುದೇನು ಎಂಬ ಪ್ರಶ್ನೆ ಕೊನೆಯ ಸಂಪುಟದವರೆಗೂ ಜೀವಂತವಾಗಿರುತ್ತದೆ.

ಪ್ರೇಮದ ಎಳೆಯೂ ಇದಕ್ಕೇ ಹೆಣೆದುಕೊಂಡಿದೆ. ಚಿಯಾಕಿಯೊಂದಿಗೆ ರಾವೆಲ್‌ನ ಜಿ ಮೇಜರ್ ಪಿಯಾನೋ ಕಾನ್ಚೆರ್ಟೊ ನುಡಿಸಬೇಕೆಂದು ನೊದಾಮೆ ಕನಸು ಕಾಣುತ್ತಾಳೆ. ಆದರೆ ಅವನು ಅದನ್ನು ಮತ್ತೊಬ್ಬ ಪಿಯಾನೋ ವಾದಕಿಯೊಂದಿಗೆ ನುಡಿಸುತ್ತಾನೆ. ಕುಸಿದುಹೋದ ಅವಳನ್ನು ಶ್ಟ್ರೇಸೆಮಾನ್ ಲಂಡನ್ನಿಗೆ ಕರೆದೊಯ್ದು ಶೋಪಾನ್‌ನ ಮೊದಲನೆಯ ಕಾನ್ಚೆರ್ಟೊ ನುಡಿಸುವ ಅವಕಾಶ ಕೊಡುತ್ತಾನೆ. ಅಲ್ಲಿ ದೊರೆತ ಯಶಸ್ಸೇ ಅವಳನ್ನು ಹೆದರಿಸುತ್ತದೆ. ಇದಕ್ಕಿಂತ ಚೆನ್ನಾಗಿ ಇನ್ನು ನುಡಿಸಲಾರೆನೆಂದು ಭಾವಿಸಿ ಅವಳು ಕಣ್ಮರೆಯಾಗುತ್ತಾಳೆ. ಮರಳಿ ಬಂದವಳನ್ನು ಚಿಯಾಕಿ ಅದೇ ಮೊಜಾರ್ಟ್ ಸೊನಾಟಾದ ಮುಂದೆ ಕೂರಿಸುತ್ತಾನೆ.

ಕನ್ನಡ ಓದುಗರಿಗೆ

ಸಂಗೀತಗಾರರ ಬದುಕನ್ನು ಚಿತ್ರಿಸುವ ತ.ರಾ.ಸು. ಅವರ ‘ಹಂಸಗೀತೆ’, ಎಸ್.ಎಲ್. ಭೈರಪ್ಪನವರ ‘ಮಂದ್ರ’ ಕಾದಂಬರಿಗಳನ್ನು ಓದಿದವರಿಗೆ ಇಲ್ಲಿನ ಹಗುರವಾದ ಧಾಟಿ ಅಚ್ಚರಿ ತರಬಹುದು. ಕಲಾವಿದನ ಅಹಂಕಾರ ಮತ್ತು ಏಕಾಂತಗಳು ಮಾತ್ರ ಅಪರಿಚಿತವೆನಿಸವು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೂ ಕರ್ನಾಟಕಕ್ಕೆ ತೀರ ಹೊರಗಿನದಲ್ಲ. ಮೈಸೂರಿನ ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದರು. ರಷ್ಯಾದ ಸಂಗೀತರಚನಕಾರ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಧನಸಹಾಯ ನೀಡಿದವರೂ ಅವರೇ.

ಮೂಲ ಜಪಾನಿ ಪುಸ್ತಕಗಳನ್ನು ಬಲದಿಂದ ಎಡಕ್ಕೆ ಓದಬೇಕು.

ರೂಪಾಂತರಗಳು

ಚಿತ್ರಕಥೆಯ ಪುಟದಲ್ಲಿ ನಾದವಿಲ್ಲ. ಬೆರಳು, ಬೆನ್ನು, ಕೇಳುಗರ ಮುಖಗಳ ಮೂಲಕವೇ ನಿನೊಮಿಯಾ ಅದನ್ನು ಸೂಚಿಸಬೇಕಾಯಿತು. ಆ ಕೊರತೆಯನ್ನು ದೃಶ್ಯ ಮಾಧ್ಯಮಗಳು ತುಂಬಿದವು. 2006ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಫುಜಿ ಟಿ.ವಿ. ಪ್ರಸಾರ ಮಾಡಿದ 11 ಕಂತುಗಳ ಧಾರಾವಾಹಿಯಲ್ಲಿ ಉಎನೊ ಜೂರಿ ನೊದಾಮೆಯಾಗಿ, ತಮಾಕಿ ಹಿರೋಶಿ ಚಿಯಾಕಿಯಾಗಿ ನಟಿಸಿದರು. ಅದರ ಆರಂಭಗೀತವಾಗಿ ಬೀಥೋವನನ ಏಳನೆಯ ಸಿಂಫನಿಯನ್ನು ಬಳಸಲಾಯಿತು. 2008ರ ಜನವರಿಯಲ್ಲಿ ಯುರೋಪಿನಲ್ಲಿ ಚಿತ್ರೀಕರಿಸಿದ ವಿಶೇಷ ಸಂಚಿಕೆಗಳು ಪ್ರಸಾರವಾದವು. 2009ರ ಡಿಸೆಂಬರ್ ಮತ್ತು 2010ರ ಏಪ್ರಿಲ್‌ನಲ್ಲಿ ಎರಡು ಚಲನಚಿತ್ರಗಳು ಬಂದವು. ಅವುಗಳಲ್ಲಿ ನೊದಾಮೆಯ ಪಿಯಾನೋವನ್ನು ನುಡಿಸಿದವರು ಚೀನಾದ ಪ್ರಸಿದ್ಧ ವಾದಕ ಲಾಂಗ್ ಲಾಂಗ್. ಜೆ.ಸಿ. ಸ್ಟಾಫ್ ಸಂಸ್ಥೆ ತಯಾರಿಸಿದ ಅನಿಮೇಷನ್ ಸರಣಿ 2007, 2008 ಮತ್ತು 2010ರಲ್ಲಿ ಮೂರು ಭಾಗಗಳಾಗಿ ಪ್ರಸಾರವಾಯಿತು. 2014ರಲ್ಲಿ ದಕ್ಷಿಣ ಕೊರಿಯಾದಲ್ಲಿಯೂ ಈ ಕಥೆ ಧಾರಾವಾಹಿಯಾಗಿ ಮೂಡಿಬಂತು.